ಬ್ಯಾಟರಿ ಸತ್ತವನ ಪಾಲು

ನಾನೂ ನನ್ನ ತಮ್ಮನೂ ಒಮ್ಮೆ ಒಂದು ಬಂದೂಕಿಗಾಗಿ ಮಾತು ಬಿಟ್ಟಿದ್ದೆವು. ಈ ಸುದ್ದಿ ಮಾಜಾಳಿಯಲ್ಲಿ ಹಬ್ಬಿದಾಗ ನಮ್ಮ ಆಯಿಯ, ಅಂದರೆ ಅಮ್ಮನ, ನೆರೆಮನೆಯ ಹಿರಿಯರೊಬ್ಬರು ಬಂದು, ಎಲೆಕ್ಷನ್ ಹತ್ತಿರ ಬಂತು, ಲೈಸೆನ್ಸ್ ಇದ್ದರೆ ಸ್ಟೇಷನ್ನಿನಲ್ಲಿ ಇಟ್ಟುಬಿಡಿ, ಇಲ್ಲದಿದ್ದರೆ ಸಮುದ್ರಕ್ಕೆ ಎಸೆದುಬಿಡಿ ಎಂದು ಬುದ್ಧಿ ಹೇಳಿ ಹೋದರಂತೆ. ಎರಡೂ ಸಾಧ್ಯವಿರಲಿಲ್ಲ. ಆ ಬಂದೂಕು ಇದ್ದದ್ದು ಕೈಯಲ್ಲಿ ಹಿಡಿದು ಆಡುವ ಒಂದು ಗೇಮ್ ಕನ್ಸೋಲಿನ ಒಳಗೆ. ಅದನ್ನು ಎಸೆಯಬೇಕಾದರೆ ಕನ್ಸೋಲನ್ನೇ ಎಸೆಯಬೇಕು, ಮತ್ತು ಆ ಸಲಹೆಯನ್ನು ನನ್ನ ಹೆಂಡತಿ ಎಲ್ಲರಿಗಿಂತ ಮೊದಲೇ ಕೊಟ್ಟಿದ್ದಳು.

ನನಗೆ ಐವತ್ತು ಹತ್ತಿರವಾಗಿದೆ. ಮನೆ ಕಾರವಾರದಲ್ಲಿ, ಕಚೇರಿ ಅಂಕೋಲೆಯಲ್ಲಿ, ಉಳಿದ ಆಯುಷ್ಯ ಅವೆರಡರ ನಡುವಿನ ಬಸ್ಸಿನಲ್ಲಿ. ತಮ್ಮ ನನಗಿಂತ ಸ್ವಲ್ಪ ಚಿಕ್ಕವನು. ಮಾಜಾಳಿಯಲ್ಲಿ ಆಯಿ ಮತ್ತು ತನ್ನ ಹೆಂಡತಿಯ ಜೊತೆ ಇದ್ದಾನೆ. ಬೆಳಗಾಗುವ ಮೊದಲೇ ಸ್ಕೂಟರ್ ಹತ್ತಿ ಗಡಿ ದಾಟಿ ಗೋವೆಯ ಒಂದು ಹೋಟೆಲಿನ ಅಡುಗೆಮನೆಗೆ ಹೋಗುತ್ತಾನೆ, ಮಧ್ಯಾಹ್ನ ಕಳೆದ ಮೇಲೆ ಈರುಳ್ಳಿ ವಾಸನೆ ಹೊತ್ತು ವಾಪಸು ಬರುತ್ತಾನೆ. ಅವನ ಜೊತೆಯ ಅಡುಗೆಯವನೊಬ್ಬ ಮಾರಿದ ಹಳೆಯ ಕನ್ಸೋಲೇ ನಮ್ಮ ಮನೆತನಕ್ಕೆ ಬಂದ ಮೊದಲ ಕನ್ಸೋಲು. ಒಬ್ಬನೇ ಆಡಿ ಬೇಜಾರಾಗಿ, ಇನ್ನೊಂದನ್ನು ಎಲ್ಲಿಂದಲೋ ಹುಡುಕಿ ತಂದು ನನ್ನ ಕೈಯಲ್ಲಿಟ್ಟ. "ದಾದಾ, ನೀ ಹೆಂಗೂ ಬಸ್ಸಲ್ಲಿ ಬಾಯಿ ಬಿಟ್ಕಂಡು ನಿದ್ದೆ ಮಾಡೂದೇ ಅಲ್ದಾ? ಅದ್ರ ಬದ್ಲು ಇದ್ನಾರೂ ಆಡು" ಎಂದ.

ಆಟ ಬಹಳ ಸರಳ, ಮೊಬೈಲಿನ ಇಂಟರ್ನೆಟ್ ಇದ್ದರೆ ಇಬ್ಬರು ದೂರದೂರ ಕೂತೂ ಒಟ್ಟಿಗೆ ಆಡಬಹುದು. ಯಾವುದೋ ಗ್ರಹದ ಮೇಲೆ ಇಳಿಯಬೇಕು. ಕಂಡವರಿಗೆಲ್ಲ ಗುಂಡು ಹೊಡೆಯಬೇಕು. ಸತ್ತವರ ಮೈಯಿಂದ ಬಂದೂಕು, ಕವಚ, ನಾಣ್ಯ ಚೆಲ್ಲುತ್ತವೆ, ಅವನ್ನು ಬಾಚಿಕೊಂಡು ಇನ್ನಷ್ಟು ಜೋರಾಗಿ ಗುಂಡು ಹೊಡೆಯಬೇಕು. ಬಿಳಿ ಬೆಳಕಿನ ಬಂದೂಕು ಕಸ, ಹಸಿರು ಪರವಾಗಿಲ್ಲ, ನೀಲಿ ಒಳ್ಳೆಯದು, ನೇರಳೆ ಇನ್ನೂ ಒಳ್ಳೆಯದು, ಬಂಗಾರದ ಬೆಳಕು ಕಂಡರೆ ಎದೆ ಡವಡವ. ಯಾಕೆ ಹೊಡೆಯುತ್ತಿದ್ದೇವೆ ಎಂಬುದಕ್ಕೂ ಒಂದು ಕತೆಯಿದೆ. ನಾವಿಬ್ಬರೂ ಇವತ್ತಿಗೂ ಅದನ್ನು ಪೂರ್ತಿ ಕೇಳಿಲ್ಲ. ಯಾರಾದರೂ ಮಾತಾಡಲು ಬಾಯಿ ತೆರೆದರೆ ತಮ್ಮ ಗುಂಡಿ ಒತ್ತಿ ಮುಂದೆ ಓಡಿಸಿಬಿಡುತ್ತಾನೆ.

ಇದನ್ನು ಕೈಯಲ್ಲಿ ಹಿಡಿದು ಆಡುವುದರ ಸುಖವನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಬರೀ ದೂರುವವನು ಎನ್ನುತ್ತೀರಿ. ಒಬ್ಬನೇ ಆಡುತ್ತಿದ್ದರೆ, ಟಿಕೆಟ್ಟಿಗೆ ಕಂಡಕ್ಟರ್ ಬಂದಾಗ ಒಂದು ಗುಂಡಿ ಒತ್ತಿದರೆ ಸಾಕು, ಗಾಳಿಯಲ್ಲಿದ್ದ ಗುಂಡು ಗಾಳಿಯಲ್ಲೇ ನಿಲ್ಲುತ್ತದೆ. ಚಿಲ್ಲರೆ ಎಣಿಸಿ ಕೊಟ್ಟು ಮತ್ತೆ ಒತ್ತಿದರೆ ಶತ್ರು ಸಾಯುತ್ತಾನೆ. ಹೇಳಿದ ಮಾತು ಇಷ್ಟು ಕೇಳುವ ವಸ್ತು ನನ್ನ ಸಂಸಾರದಲ್ಲಿ ಬೇರೊಂದಿಲ್ಲ.

ಇನ್ನು ದೂರು. ಅಕ್ಷರ ಇರುವೆಯಷ್ಟು ಸಣ್ಣದು. ದೊಡ್ಡ ಟಿವಿಗೆ ಮಾಡಿದ ಆಟವನ್ನು ಹಿಂಡಿ ಅಂಗೈಯೊಳಗೆ ತುಂಬಿದ್ದಾರೆ, ಕಣ್ಣು ಮಂಜಾದವನ ಬಗ್ಗೆ ಯಾರೂ ಯೋಚಿಸಿಲ್ಲ. ಬಂದೂಕಿನ ಬಲ ಎಷ್ಟು ಎಂದು ಓದಲು ನಾನು ಚಾಳೀಸು ಏರಿಸಬೇಕು, ಏರಿಸುವಷ್ಟರಲ್ಲಿ ಯಾರೋ ನನ್ನನ್ನು ಕೊಂದಿರುತ್ತಾರೆ. ಎಂಟನ್ನು ಮೂರೆಂದು ಓದಿ ಅಪರೂಪದ ಬಂದೂಕನ್ನು ಗುಜರಿಗೆ ಹಾಕಿದ್ದೂ ಇದೆ. ಶತ್ರುಗಳು ಗುಂಪಾಗಿ ಬಂದರೆ ಚಿತ್ರ ತಡವರಿಸುತ್ತದೆ, ಹಟ್ಟಿಕೇರಿಯ ಏರಿನಲ್ಲಿ ಲಾರಿ ಏದುಸಿರು ಬಿಟ್ಟ ಹಾಗೆ. ಯಂತ್ರ ಕಾದು ದೋಸೆ ಹೆಂಚಾಗುತ್ತದೆ. ಚೀಲದಲ್ಲಿ ಜಾಗ ಕಡಿಮೆ, ಒಂದನ್ನು ಎತ್ತಬೇಕಾದರೆ ಇನ್ನೊಂದನ್ನು ಬಿಸಾಡಬೇಕು. ಇಬ್ಬರು ಕೂಡಿ ಆಡುವಾಗ ಆ ನಿಲ್ಲಿಸುವ ಸೌಲಭ್ಯವೂ ಇಲ್ಲ. ಸುಮ್ಮನೆ ಕೂತರೆ ಆಟ ಹೊರಗೆ ದಬ್ಬುತ್ತದೆ, ಯಾರೂ ಉಳಿಯದಿದ್ದರೆ ನೆಲದ ಮೇಲೆ ಬಿದ್ದ ಸರಕೆಲ್ಲ ಮಾಯ. ಎಲ್ಲಕ್ಕಿಂತ ದೊಡ್ಡ ಕಾಯಿಲೆ ಬ್ಯಾಟರಿ. ಅಂಕೋಲೆಯ ಸ್ಟ್ಯಾಂಡಿನಲ್ಲಿ ತುಂಬಿದ ಗಡಿಗೆಯಂತೆ ಹೊರಟದ್ದು ಅಮದಳ್ಳಿ ಮುಟ್ಟುವಾಗ ಕೆಂಪು ಕಣ್ಣು ಬಿಡುತ್ತದೆ.

ಇಷ್ಟೆಲ್ಲ ಇದ್ದೂ ದಿನಾ ಸಂಜೆ ನಾನು ಅದನ್ನು ಹಿಡಿದು ಕೂರುತ್ತಿದ್ದೆ, ಮತ್ತು ಅದಕ್ಕೆ ಕಾರಣ ಆಟವಲ್ಲ. ಬಾಬಾ, ನಮ್ಮ ಅಪ್ಪ, ತೀರಿಹೋದ ಮೇಲೆ ನನಗೂ ತಮ್ಮನಿಗೂ ಮಾತು ಬತ್ತಿಹೋಗಿತ್ತು. ಜಗಳವೇನೂ ಇರಲಿಲ್ಲ. ಆಯಿಯ ಗುಳಿಗೆ ತಂದ್ಯಾ, ತಂದೆ. ಕರೆಂಟ್ ಬಿಲ್ ಕಟ್ಟಿದ್ಯಾ, ಕಟ್ಟಿದೆ. ಅಷ್ಟೇ. ಚಿಕ್ಕವರಿದ್ದಾಗ ಬಾಬಾನ ಜೊತೆ ದಂಡೆಯ ಮೇಲೆ ರಂಪಣಿ ಬಲೆಯ ಹಗ್ಗ ಎಳೆಯುತ್ತ ಗಂಟಲು ಹರಿಯುವ ಹಾಗೆ ಕೂಗಾಡುತ್ತಿದ್ದ ಇಬ್ಬರು, ದೊಡ್ಡವರಾಗಿ ಗುಳಿಗೆಯ ಮಾತಿಗೆ ಬಂದು ನಿಂತಿದ್ದೆವು. ಈ ಆಟ ಬಂದ ಮೇಲೆ ಫೋನಿನಲ್ಲಿ ಮತ್ತೆ ಅದೇ ಕೂಗು ಶುರುವಾಯಿತು. "ಹಿಂದೆ ನೋಡಾ ದಾದಾ, ಹಿಂದೆ!" "ಎಲ್ಲಿ ಸತ್ತೆ ರೇ ನೀನು?" "ಬಂದೆ, ಬಂದೆ, ಜೀವ ಹಿಡ್ಕ!" ನನಗೆ ಆ ದನಿ ಬೇಕಿತ್ತು. ಬಂದೂಕು ನೆಪ.

ಬಸ್ಸಿನವರು ನನ್ನನ್ನು ಹೇಗೋ ಸಹಿಸಿಕೊಂಡಿದ್ದರು. ಒಂದು ಸಲ ಮಾತ್ರ ಅರಗಾದ ನೌಕಾನೆಲೆಯ ಗೋಡೆಯ ಪಕ್ಕ ಹೋಗುವಾಗ ನಾನು "ಬಾಂಬ್ ಹಾಕು, ಗೇಟಿಗೇ ಹಾಕು" ಎಂದು ಕಿರುಚಿದೆ. ಪಕ್ಕದಲ್ಲಿದ್ದ ಹೆಂಗಸು ಮೀನಿನ ಬುಟ್ಟಿ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು. ಕಂಡಕ್ಟರ್ ಬಂದು, "ಸಾರ್, ನಿಮ್ಮ ಯುದ್ಧ ಬಿಣಗಾ ದಾಟಿದ ಮೇಲೆ ಮಾಡಿ. ಇಲ್ಲಿ ಬಸ್ ನಿಲ್ಸಿದ್ರೆ ನಂಗೆ ಮನೆಗೆ ಹೋಗೂಕೆ ಆಗೂದಿಲ್ಲ" ಎಂದ. ಆಮೇಲಿಂದ ಅಲ್ಲಿ ನಾನು ಪಿಸುದನಿಯಲ್ಲಿ ಕೊಲ್ಲುತ್ತೇನೆ.

ನಮ್ಮ ಜಗಳಕ್ಕೆ ಕಾರಣವಾದದ್ದು ಒಂದು ಏಡಿ. ಆಟದಲ್ಲಿ ಅದಕ್ಕೆ ಬೇರೆ ಏನೋ ಹೆಸರಿದೆ, ನಾವು ಅದನ್ನು ಕುರ್ಲಿ ಎಂದೇ ಕರೆಯುತ್ತಿದ್ದೆವು. ದೇವಸ್ಥಾನದಷ್ಟು ದೊಡ್ಡ ಕುರ್ಲಿ, ಬೆನ್ನ ಮೇಲೆ ತೋಪು. ಎಷ್ಟೋ ಸಂಜೆ ಅದರ ಕೈಯಲ್ಲಿ ಸತ್ತಿದ್ದೆವು. ಆ ದಿನ ಮಾತ್ರ ಎಲ್ಲ ಕೂಡಿಬಂತು. ಅದರ ಎಡಗೈ ಮುರಿದವನು ನಾನು. ಬಲಗೈ ಮುರಿದವನೂ ನಾನು, ಇದನ್ನು ತಮ್ಮ ಈಗಲೂ ಒಪ್ಪುವುದಿಲ್ಲ. ಕುರ್ಲಿ ಮೊಣಕಾಲು ಊರಿತ್ತು, ಇನ್ನೊಂದು ಏಟು ಬಾಕಿ. ಅಷ್ಟರಲ್ಲಿ ಅವರ್ಸಾದ ಹತ್ತಿರ ನನ್ನ ಪರದೆ ಕಪ್ಪಾಯಿತು. ಆ ದಿನ ಪೂರ್ತಿ ಚಾರ್ಜ್ ಮಾಡದೆ ಹೊರಟಿದ್ದೆ, ಬ್ಯಾಟರಿ ಸತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದನ್ನು ನಾನು ಕಪ್ಪು ಗಾಜಿನಲ್ಲಿ ನನ್ನದೇ ಮುಖ ನೋಡುತ್ತ ಅನುಭವಿಸಿದೆ.

ಫೋನಿನ ಇಯರ್‌ಫೋನು ಇನ್ನೂ ಕಿವಿಯಲ್ಲೇ ಇತ್ತು. "ಬಿತ್ತಾ?" ಎಂದೆ.

"ಬಿತ್ತು! ಬಂಗಾರದ್ದು, ದಾದಾ! ಒಂದೇ ಒಂದು ಬಿತ್ತು. ಎತ್ಕಂಡೆ."

"ಅದು ನಂದು."

"ನಿಂದು ಹೆಂಗೆ? ಕುರ್ಲಿ ಸಾಯುವಾಗ ನೀ ಇರ್ಲೇ ಇಲ್ಲ."

"ಎರಡೂ ಕೈ ಮುರಿದವ ಯಾರು?"

"ಕೈ ಮುರಿದ್ರೆ ಆಯ್ತಾ? ಜೀವ ತೆಗೆದವ ನಾನು."

ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂದು ಹಿರಿಯರು ಹೇಳಿದ್ದು ಹೊಲಗದ್ದೆ ನೋಡಿ. ಇಲ್ಲಿ ಗೇಣು ನೆಲವೂ ಇರಲಿಲ್ಲ. ಆದರೂ ನಾನು, "ಸಣ್ಣವ ಇದ್ದಾಗಿಂದ ನೀ ಹಂಗೇ, ಬೇರೆಯವ್ರ ತಾಟಿಂದ ಎತ್ತೂದು" ಎಂದೆ. ಅವನು, "ನೀನು ಕೂತಲ್ಲಿಂದ ಎದ್ದು ಯಾವತ್ತು ಬಡಿಸ್ಕಂಡೆ?" ಎಂದ. ಫೋನು ಯಾರು ಮೊದಲು ಇಟ್ಟರು ಎಂಬುದರ ಬಗ್ಗೆಯೂ ನಮಗೆ ಭಿನ್ನಾಭಿಪ್ರಾಯವಿದೆ.

ಮಾರನೆಯ ಸಂಜೆ ಅವನು ಕರೆಯುತ್ತಾನೆಂದು ನಾನು ಕಾದೆ. ನಾನು ಕರೆಯುತ್ತೇನೆಂದು ಅವನು ಕಾದನಂತೆ. ಒಬ್ಬನೇ ಆಡಿ ನೋಡಿದೆ, ಹೆದರಿಸುವವನೂ ಇಲ್ಲ, ಬೈಯುವವನೂ ಇಲ್ಲ, ಕಚೇರಿಯ ಕೆಲಸದ ಹಾಗಾಯಿತು. ಮತ್ತೆ ಬಸ್ಸಿನಲ್ಲಿ ಬಾಯಿ ತೆರೆದು ನಿದ್ದೆ ಮಾಡತೊಡಗಿದೆ. ಆಯಿಯ ಗುಳಿಗೆಯ ವಿಷಯವೂ ಈಗ ಹೆಂಡತಿಯರ ಮೂಲಕ ನಡೆಯುತ್ತಿತ್ತು. "ಅವರಿಗೆ ಹೇಳು", "ಇವರಿಗೆ ಹೇಳು". ನನ್ನ ಹೆಂಡತಿ ಕೊನೆಗೆ, "ನಿಮ್ಮಿಬ್ಬರ ಮಧ್ಯ ನಾವು ಪೋಸ್ಟ್‌ಮ್ಯಾನ್ ಆಗೂದು ಬೇಡ. ಇಲ್ಲದ ಬಂದೂಕಿಗೆ ಇರೋ ತಮ್ಮನ್ನ ಬಿಡ್ತ್ರಾ?" ಎಂದಳು. ಬಿಡಲು ನನಗೆ ಮನಸ್ಸಿರಲಿಲ್ಲ. ಇಡೀ ದಿನ ಅವನದೇ ಯೋಚನೆ. ಇನ್ನು ಹೀಗೆಯೇ ಉಳಿದುಬಿಟ್ಟರೆ ಎಂದು ಹೆದರಿಕೆಯಾಗುತ್ತಿತ್ತು. ಆದರೆ ಮೊದಲು ಫೋನು ಮಾಡುವುದೆಂದರೆ ಕುರ್ಲಿಯ ಎರಡು ಕೈಗಳನ್ನೂ ಅವನಿಗೆ ಬರೆದುಕೊಟ್ಟ ಹಾಗೆ.

ನೆರೆಯವರು ಬಂದೂಕು ಸಮುದ್ರಕ್ಕೆ ಎಸೆಯಿರಿ ಎಂದು ಹೇಳಿಹೋದ ಮೇಲೆ ಆಯಿಗೆ ವಿಷಯ ಪೂರ್ತಿ ತಿಳಿಯಿತು. ಭಾನುವಾರ ಇಬ್ಬರೂ ತನ್ನ ಮುಂದೆ ಕೂರಬೇಕೆಂದು ಅಪ್ಪಣೆಯಾಯಿತು. ಕಾಳಿ ಸೇತುವೆ ದಾಟಿ, ಸದಾಶಿವಗಡದಲ್ಲಿ ಆಯಿಗೆ ಬಾಳೆಹಣ್ಣು ಕೊಂಡು, ಹೆಂಡತಿಯನ್ನು ಮುಂದಿಟ್ಟುಕೊಂಡು ಹೋದೆ. ತಮ್ಮ ತನ್ನ ಹೆಂಡತಿಯ ಹಿಂದೆ ನಿಂತಿದ್ದ. ಆಯಿ ಹಿತ್ತಿಲಲ್ಲಿ ಈಳಿಗೆಮಣೆಯ ಮೇಲೆ ಕೂತು ಬಂಗಡೆ ಕೊಯ್ಯುತ್ತಿದ್ದಳು. ನ್ಯಾಯಪೀಠ ಅದೇ.

ಆಯಿಗೆ ಈ ಆಟದ ಬಗ್ಗೆ ಗೊತ್ತಿದ್ದದ್ದು ಇಷ್ಟು: ಅದರಲ್ಲಿ ಒಂದು ದೊಡ್ಡ ಕುರ್ಲಿಯಿದೆ, ತನ್ನ ಮಕ್ಕಳು ಅದನ್ನು ಹಿಡಿದರೂ ಸಾರು ಮಾಡುವುದಿಲ್ಲ. ಅವಳ ಪ್ರಕಾರ ಮೊದಲ ತಪ್ಪೇ ಅದು. ಉಳಿದದ್ದನ್ನು ಅವಳು ತನಗೆ ಗೊತ್ತಿರುವ ಏಕೈಕ ಕಾನೂನಿನ ಪ್ರಕಾರ ವಿಚಾರಿಸಿದಳು. ಅದು ರಂಪಣಿಯ ಕಾನೂನು. ದೋಣಿ ಅರ್ಧ ಸುತ್ತು ಹಾಕಿ ಸಮುದ್ರದಲ್ಲಿ ಬಲೆ ಬಿಡುತ್ತದೆ, ಎರಡು ಕಡೆಯ ಹಗ್ಗವನ್ನು ದಂಡೆಯ ಮೇಲಿದ್ದವರು ಎಳೆಯುತ್ತಾರೆ. ಹಗ್ಗ ಹಿಡಿದವನಿಗೆ ಪಾಲು. ಬಲೆಯ ಯಜಮಾನ, ದಾರಿಹೋಕ, ಶಾಲೆ ತಪ್ಪಿಸಿ ಬಂದವ, ಯಾರೇ ಆಗಲಿ, ಕೈ ಹಚ್ಚಿದ್ದರೆ ಬುಟ್ಟಿಗೆ ನಾಲ್ಕು ಮೀನು ಬೀಳಲೇಬೇಕು.

"ಹಗ್ಗ ಹಿಡಿದವ್ರು ಯಾರ್ಯಾರು?" ಎಂದು ಆಯಿ ಕೇಳಿದಳು.

"ನಾವಿಬ್ರೇ," ಎಂದ ತಮ್ಮ.

"ಬಲೆ ದಡಕ್ಕೆ ಬರುವಾಗ ದಾದಾ ಎಲ್ಲಿದ್ದ?"

"ಅವರ್ಸಾದಲ್ಲಿ. ಬಸ್ಸಲ್ಲಿ."

"ಹಗ್ಗ ಬಿಟ್ಟು ಓಡಿದ್ನಾ, ಕೈಯಿಂದ ಜಾರಿತಾ?"

"ಜಾರಿತು. ಬ್ಯಾಟ್ರಿ ಹೋಯ್ತು."

"ಹಂಗಾದ್ರೆ ಅಂವನ ವಾಂಟೊ ಇದೆ," ಎಂದು ಆಯಿ ಬಂಗಡೆಯ ತಲೆ ಕತ್ತರಿಸಿದಳು. ವಾಂಟೊ ಎಂದರೆ ಪಾಲು. "ನಿಮ್ಮ ಬಾಬಾಗೆ ಒಂದ್ಸಲ ಹಗ್ಗ ಎಳೀತಾ ಎಳೀತಾ ತಲೆ ತಿರುಗಿ ಬಿದ್ದೋಯ್ತು. ಅವ್ರ ಪಾಲು ಮನೆಗೆ ಬಂತು. ಬಿದ್ದವ್ರ ಪಾಲು ಯಾರೂ ತಿನ್ನೂದಿಲ್ಲ, ಪುತಾ."

ನಾನು ಗೆದ್ದೆ ಎಂದುಕೊಂಡು ಎದೆ ಉಬ್ಬಿಸಿದೆ. ಅವಳು ಚೂರಿಯಂತೆ ನನ್ನ ಕಡೆ ತಿರುಗಿದಳು. "ನೀ ಎಂತ ನಗ್ತೆ? ಪಾಲು ಬೇಕಂದ್ರೆ ಅವತ್ತೇ ಬಂದು ಬುಟ್ಟಿ ಹಿಡೀಬೇಕಿತ್ತು. ಮನೇಲಿ ಮುಖ ಊದಿಸ್ಕಂಡು ಕೂತು, ಮೀನು ಹಳಸಿದ ಮೇಲೆ ಬಂದ್ರೆ ಎಂತ ಸಿಕ್ತದೆ? ವಾಸ್ನೆ."

ತಮ್ಮನ ಹೆಂಡತಿ ಬಾಗಿಲಲ್ಲೇ ನಿಂತು, "ಬಲೆಗೂ ಒಂದು ಪಾಲು ಇರ್ತದಲಾ ಆಯಿ? ಇವ್ರ ಆಟಕ್ಕೆ ಇಂಟರ್ನೆಟ್ಟು ನನ್ನ ಮೊಬೈಲಿಂದು" ಎಂದಳು. ಅದೂ ಮಂಜೂರಾಯಿತು. ತಮ್ಮ ಅವಳಿಗೆ ಒಂದು ಸೀರೆ ಕೊಡಿಸಬೇಕಾಯಿತು.

ಊಟದ ನಂತರ ಜಗಲಿಯಲ್ಲಿ ಕೂತು ತಮ್ಮ ಕನ್ಸೋಲ್ ತೆರೆದ, ನಾನೂ ತೆರೆದೆ. ಅವನು ಬಂಗಾರದ ಬಂದೂಕನ್ನು ನನ್ನ ಕಾಲ ಬಳಿ ಹಾಕಿದ. ಚಾಳೀಸು ಏರಿಸಿ ಓದಿದೆ. ಆಯಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಈ ಜಾತಿಯ ಆಟದ ದೊಡ್ಡ ಮೋಸವೇ ಅದು. ಇವತ್ತಿನ ಬಂಗಾರ ನಾಲ್ಕು ದಿನಕ್ಕೆ ತಗಡು. ನಾವು ಮುನಿಸಿಕೊಂಡಿದ್ದ ಹೊತ್ತಿನಲ್ಲಿ ತಮ್ಮ ಒಬ್ಬನೇ ಆಡಿ ಮುಂದೆ ಹೋಗಿದ್ದ, ಈಗ ದಾರಿಯಲ್ಲಿ ಬಿದ್ದ ಹಸಿರು ಬಂದೂಕು ಕೂಡ ಅದಕ್ಕಿಂತ ಬಲವಾಗಿತ್ತು. "ಹಳಸಿದೆ," ಎಂದೆ. "ಹೂಂ, ವಾಸ್ನೆ ಬರ್ತದೆ," ಎಂದ. ಇಬ್ಬರೂ ನಕ್ಕೆವು. ನಾನು ಅವನ ತಲೆಗೆ ಒಂದು ಮೊಟಕಿದೆ.

ಇನ್ನು ಜಗಳವೇ ಬೇಡ ಎಂದು ತಮ್ಮ ಆಟದ ಸೆಟ್ಟಿಂಗ್ ತಡಕಾಡಿ ಒಂದು ಉಪಾಯ ಹುಡುಕಿದ. ಅವರವರ ಸರಕು ಅವರವರಿಗೆ ಮಾತ್ರ ಕಾಣುವ ಹಾಗೆ ಮಾಡಬಹುದಂತೆ. ನನಗೆ ಬಿದ್ದದ್ದು ನನಗೆ, ಅವನಿಗೆ ಬಿದ್ದದ್ದು ಅವನಿಗೆ. ಮೊದಲೇ ಗೊತ್ತಿದ್ದರೆ ಸೀರೆ ಉಳಿಯುತ್ತಿತ್ತು. ಹಾಗೆಯೇ ಆಡಿದೆವು. ಎಂಥ ನೆಮ್ಮದಿ! "ನಿಂಗೆ ಎಂತ ಬಿತ್ತು?" "ಒಂದು ನೀಲಿ." "ಹೌದಾ." "ಹೂಂ." ಎರಡು ಮೇಜಿನಲ್ಲಿ ಕೂತ ಇಬ್ಬರು ಗುಮಾಸ್ತರ ಹಾಗೆ ಶತ್ರುಗಳನ್ನು ವಿಲೇವಾರಿ ಮಾಡಿದೆವು. ಒಂದು ವಾರ ಕಳೆದಿರಬೇಕು, ಮಾತು ಮತ್ತೆ ಗುಳಿಗೆಯ ಕಡೆ ತಿರುಗುತ್ತಿರುವುದು ನನಗೆ ಕಾಣಿಸಿತು. ಅವನಿಗೂ ಕಂಡಿರಬೇಕು.

"ದಾದಾ, ಇದು ರೇಷನ್ ಅಂಗಡಿ ಆಯ್ತು ಮಾರಾಯ," ಎಂದ. "ಮುಂಚಿನ ಹಂಗೇ ಮಾಡ್ತೆ."

"ಮಾಡು. ಆದ್ರೆ ಎತ್ತೂಕೆ ಮುಂಚೆ ಕೇಳು."

"ಕೇಳೂದಿಲ್ಲ," ಎಂದು ನನ್ನೆದುರೇ ಒಂದು ನೇರಳೆ ಬಂದೂಕು ಎತ್ತಿಕೊಂಡು ಓಡಿದ. ನಾನು ಬಸ್ಸಿನಲ್ಲಿ ಕೂಗಿದ ಕೂಗಿಗೆ ಡ್ರೈವರ್ ಹಿಂತಿರುಗಿ ನೋಡಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಕುರ್ಲಿ ಮತ್ತೆ ಬಂತು. ಮೊದಲಿನದರ ಅಪ್ಪನಿರಬೇಕು, ಅಷ್ಟು ದೊಡ್ಡದು. ನಾನು ಈಗ ಚಾರ್ಜಿಗೆ ಪವರ್ ಬ್ಯಾಂಕ್ ಇಟ್ಟುಕೊಳ್ಳುತ್ತಿದ್ದೆ. ಆ ದಿನ ಅದನ್ನು ಕಚೇರಿಯ ಮೇಜಿನ ಮೇಲೆ ಬಿಟ್ಟು ಬಂದಿದ್ದೆ, ಅದು ನೆನಪಾದದ್ದು ತೋಡೂರಿನಲ್ಲಿ. ಕುರ್ಲಿಯ ಒಂದು ಕೈ ಮುರಿದಿತ್ತು. ಬೇಗ, ಬೇಗ ಎಂದು ಕೂಗುತ್ತ ಇದ್ದಬದ್ದ ಗುಂಡೆಲ್ಲ ಸುರಿದೆ. ಅಮದಳ್ಳಿಯಲ್ಲಿ ಪರದೆ ಕಪ್ಪಾಯಿತು. ಹಾಟ್‌ಸ್ಪಾಟ್ ಕೊಟ್ಟೂ ಕೊಟ್ಟೂ ಬಳಲಿದ್ದ ಫೋನು, ನಾನು "ತಮ್ಮಾ" ಎನ್ನುವಷ್ಟರಲ್ಲಿ ಅದರ ಹಿಂದೆಯೇ ಹೋಯಿತು.

ಸಾಲದ್ದಕ್ಕೆ ಬಿಣಗಾದ ಹತ್ತಿರ ಒಂದು ಟ್ಯಾಂಕರ್ ಕೆಟ್ಟು ರಸ್ತೆಗೆ ಅಡ್ಡ ನಿಂತಿತ್ತು. ಬಸ್ಸು ಅಲುಗಲಿಲ್ಲ. ಎಲ್ಲರೂ ಇಳಿದು ಟ್ಯಾಂಕರಿನವನಿಗೆ ಬೈದು, ಬೈಗುಳ ಮುಗಿದು, ಮತ್ತೆ ಹತ್ತಿ ಕೂತರು. ಆಗಲೇ ಕುರ್ಲಿ ಸತ್ತಿರುತ್ತದೆ, ತಮ್ಮ ಎತ್ತಿಕೊಂಡಿರುತ್ತಾನೆ, ಇರಲಿ ಬಿಡು ಎಂದುಕೊಂಡೆ. ಈ ಸಲ ನಾನು ಏನೂ ಕೇಳುವುದಿಲ್ಲ ಎಂದು ನಿಶ್ಚಯಿಸಿದೆ. ಅವನು ಆಡುತ್ತಿರಲಿ, ನನ್ನ ಜೊತೆ ಕೂಗುತ್ತಿರಲಿ, ಅಷ್ಟು ಸಾಕು.

ಮನೆ ಮುಟ್ಟುವಾಗ ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ಹೆಂಡತಿ ಬಾಗಿಲಲ್ಲೇ, "ನಿಮ್ಮ ತಮ್ಮಂದು ಫೋನು, ಮೇಲಿಂದ ಮೇಲೆ. ದಾದಾ ಬಂದ್ನಾ, ಬಂದ್ನಾ ಅಂತ. ಎಂತಾಯ್ತು?" ಎಂದಳು. ನಾನು ಚಪ್ಪಲಿ ಬಿಡದೆ ಒಳಗೆ ಹೋಗಿ ಕನ್ಸೋಲನ್ನು ಚಾರ್ಜಿಗೆ ಹಾಕಿದೆ, ಅವಳ ಫೋನಿನ ಹಾಟ್‌ಸ್ಪಾಟ್ ಹಚ್ಚಿ ಅದರಿಂದಲೇ ಅವನಿಗೆ ಕರೆ ಮಾಡಿದೆ. "ಒಳಗೆ ಬಾ," ಎಂದ, ಅಷ್ಟೇ.

ಆಟ ತೆರೆದುಕೊಂಡಿತು. ಬಯಲಿನಲ್ಲಿ ಕುರ್ಲಿ ಅಂಗಾತ ಬಿದ್ದಿತ್ತು. ಅದರ ಮುಂದೆ ನೆಲದಿಂದ ಬಂಗಾರದ ಬೆಳಕು ಎದ್ದಿತ್ತು, ಬಂದೂಕು ಬಿದ್ದಲ್ಲೇ ಬಿದ್ದಿತ್ತು. ಪಕ್ಕದಲ್ಲಿ ತಮ್ಮನ ಬೊಂಬೆ ನಿಂತಲ್ಲೇ ಜಿಗಿಯುತ್ತಿತ್ತು. ಸುಮ್ಮನಿದ್ದರೆ ಆಟ ಹೊರಗೆ ದಬ್ಬುತ್ತದಲ್ಲ, ಅದಕ್ಕೆ. ನಾನು ಅಮದಳ್ಳಿಯಿಂದ ಕಾರವಾರಕ್ಕೆ ಬರುವವರೆಗೂ, ಟ್ಯಾಂಕರ್ ಸರಿಯುವವರೆಗೂ, ಅವನು ಹೀಗೇ ಜಿಗಿಯುತ್ತ ಕಾದಿದ್ದ. ಫೋನಿನಲ್ಲಿ ಅವನ ಹಿಂದಿನಿಂದ ಆಯಿಯ ದನಿ ಕೇಳಿತು: "ಬಂದ್ನಾ ಅಂವ? ಹಂಗಾದ್ರೆ ಈಗಾದ್ರೂ ಊಟಕ್ಕೆ ಏಳು, ಸಾರು ಎರಡ್ಸಲ ಬಿಸಿ ಮಾಡ್ದೆ."

ಬೆಳಕಿನ ಹತ್ತಿರ ಹೋಗಿ ಸುಮ್ಮನೆ ನಿಂತೆ. ಕಣ್ಣಿಗೆ ಅಕ್ಷರವೇ ಕಾಣಲಿಲ್ಲ, ಚಾಳೀಸು ಮೂಗಿನ ಮೇಲೇ ಇತ್ತು.

"ಬೇಗ ಎತ್ತಾ ದಾದಾ," ಎಂದ, ಜಗಲಿಯ ಕುರ್ಚಿಯಲ್ಲಿ ಕೂತಿದ್ದ ನನ್ನ ತಮ್ಮ. "ನಿಂತು ನಿಂತು ಕಾಲು ನೋಯ್ತು."